ಗುಡ್ಡದ ಊರಿಗೆ ಹೋಗುವ ಬಗೆ

ದಾವಣಗೆರೆ ವ್ಯಾಪಾರದ ಊರು; ಹರಿಹರ ಹೊಳೆಯ ದಂಡೆಯ ಊರು. ಹತ್ತಿಯ ಗಿರಣಿಗಳಿಂದಾಗಿ ಮೊದಲನೆಯದಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಬಂದಿತು. ಎರಡನೆಯದರಲ್ಲಿ, ಹೊಯ್ಸಳ ದಂಡನಾಯಕ ಪೋಲಾಳ್ವನು ೧೨೨೪ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯವು ತುಂಗಭದ್ರೆಯ ತಟದಲ್ಲಿ ಇಂದಿಗೂ ನಿಂತಿದೆ. ದಾವಣಗೆರೆಯ ಗಿರಣಿಗಳ ಸದ್ದು ಬಹುಮಟ್ಟಿಗೆ ಅಡಗಿಹೋದರೂ ಪಟ್ಟಣದ ಸದ್ದು ಅಡಗಿಲ್ಲ. ಎರಡು ಊರುಗಳ ನಡುವಣ ಹಾದಿಯಲ್ಲಿ ಹಗಲಿರುಳೆನ್ನದೆ ವಾಹನಗಳ ಸಾಲು. ಇಂತಹ ಸ್ಥಳದಲ್ಲಿ ವಾರವೆಲ್ಲ ದುಡಿದವನಿಗೂ ಓದಿದವನಿಗೂ ಭಾನುವಾರ ಬಂದೊಡನೆ ಬಯಲಿನ ಗಾಳಿ, ಗುಡ್ಡದ ಮೌನ ನೆನಪಾಗುವುದು ಸಹಜವೇ ಆಗಿದೆ.

ಆ ಬಯಕೆಯನ್ನು ತೀರಿಸಿಕೊಳ್ಳಲು ಬಹುದೂರ ಹೋಗಬೇಕಾಗಿಲ್ಲ. ಹರಿಹರ ತಾಲ್ಲೂಕಿನಲ್ಲಿಯೇ ಕೊಂಡಜ್ಜಿ ಎಂಬ ಹಳ್ಳಿಯಿದೆ. ವಿಶಾಲವಾದ ಕೆರೆ, ಕೆರೆಗೆ ಒರಗಿದಂತಿರುವ ಗುಡ್ಡ, ಗುಡ್ಡದ ಸುತ್ತ ಕುರುಚಲು ಕಾಡು. ಇಲ್ಲಿ ಸ್ಕೌಟುಗಳ ಶಿಬಿರಗಳು ನಡೆಯುತ್ತವೆ. ಸ್ಕೌಟ್ ಚಳವಳಿಯ ನಾಯಕರಾಗಿದ್ದ ಕೊಂಡಜ್ಜಿ ಬಸಪ್ಪನವರ ಮೂಲಕ ಈ ಊರಿನ ಹೆಸರು ನಾಡಿಗೆಲ್ಲ ಪರಿಚಿತವಾಯಿತು. ಇನ್ನೂ ಮುಂದೆ ಹೋಗಬಲ್ಲವರಿಗೆ ಉಚ್ಚಂಗಿದುರ್ಗವಿದೆ. ಇಂದು ವಿಜಯನಗರ ಜಿಲ್ಲೆಗೆ ಸೇರಿರುವ ಈ ಬೆಟ್ಟದ ಊರು ಒಂದು ಕಾಲಕ್ಕೆ ಪಾಂಡ್ಯ ಅರಸರ ರಾಜಧಾನಿ. ಇಲ್ಲಿಯ ಕೋಟೆಯನ್ನು ಗೆದ್ದ ಹೊಯ್ಸಳ ವೀರಬಲ್ಲಾಳನಿಗೆ ಗಿರಿದುರ್ಗಮಲ್ಲ ಎಂಬ ಬಿರುದು ಬಂದಿತು. ಭಕ್ತರು ಉಚ್ಚಂಗೆಮ್ಮನ ದರ್ಶನಕ್ಕಾಗಿ ಇಂದಿಗೂ ಬೆಟ್ಟವನ್ನು ಏರುತ್ತಾರೆ. ಇವು ಸಹ್ಯಾದ್ರಿಯ ಶಿಖರಗಳಂತೆ ಮುಗಿಲಿಗೆ ತಾಗುವ ಬೆಟ್ಟಗಳಲ್ಲ. ಆದರೆ ಹದಿನಾಲ್ಕು ಹದಿನೈದು ವರ್ಷದ ಹುಡುಗ ಹುಡುಗಿಯರ ಕಾಲಿಗೆ ಎಟಕುವ ಬೆಟ್ಟಗಳು.

ಇಂತಹ ಊರಿಗೆ ಹೋಗಬೇಕೆ ಎಂಬುದರಲ್ಲಿ ಭಿನ್ನಾಭಿಪ್ರಾಯವಿರಲಾರದು. ಹೇಗೆ ಹೋಗಬೇಕು ಎಂಬುದು ಮಾತ್ರ ವಿಚಾರಿಸಬೇಕಾದ ಸಂಗತಿ. ಕಾಲಿಗೆ ಬಲವಿರುವವರು ಗುಡ್ಡದ ಊರಿಗೆ ನಡೆದು ಹೋಗಬೇಕು, ಇಲ್ಲವೆ ಸೈಕಲ್ಲನ್ನು ತುಳಿದುಕೊಂಡು ಹೋಗಬೇಕು. ಇದು ಹೋಗುವವರಿಗೂ ಒಳಿತು, ಆ ಊರಿಗೂ ಒಳಿತು.

ಮೊದಲು ಹೋಗುವವರ ಲಾಭವನ್ನು ನೋಡಬಹುದು. ದೂರದ ಬೆಟ್ಟ ನುಣ್ಣಗೆ ಎಂಬುದು ಹಳೆಯ ಗಾದೆ. ಕಾರಿನಲ್ಲಿ ಬುಡದವರೆಗೆ ಹೋಗಿ, ಒಂದು ಚಿತ್ರ ತೆಗೆದುಕೊಂಡು ಹಿಂದಿರುಗುವವನಿಗೆ ಹತ್ತಿರದ ಬೆಟ್ಟವೂ ನುಣ್ಣಗೆಯೇ ಉಳಿಯುತ್ತದೆ. ಅವನಿಗೆ ಏರೂ ಒಂದೇ, ಇಳಿಜಾರೂ ಒಂದೇ. ಸೈಕಲ್ ತುಳಿಯುವವನಿಗಾದರೋ ನೆಲದ ಒಂದೊಂದು ಉಬ್ಬು ತಗ್ಗೂ ಮೊಣಕಾಲಿನಲ್ಲಿ ಅರಿವಾಗುತ್ತದೆ. ದಾವಣಗೆರೆಯ ಸೀಮೆಯಲ್ಲಿ ಭದ್ರಾ ನಾಲೆಯ ನೀರು ಎಲ್ಲಿಯವರೆಗೆ ಬರುತ್ತದೆ ಎಂಬುದು ಅವನಿಗೆ ಹೊಲಗಳ ಬಣ್ಣದಿಂದಲೇ ತಿಳಿಯುತ್ತದೆ. ಬತ್ತದ ಗದ್ದೆಗಳ ಹಸಿರು ಮುಗಿದು, ಮಳೆಯನ್ನೇ ನಂಬಿದ ಮೆಕ್ಕೆಜೋಳದ ಹೊಲಗಳು ಎಲ್ಲಿ ಮೊದಲಾಗುತ್ತವೆ ಎಂಬುದನ್ನು ಅವನು ಕಣ್ಣಾರೆ ಕಾಣುತ್ತಾನೆ. ಭೂಗೋಳದ ಪುಸ್ತಕದಲ್ಲಿ ನೀರಾವರಿ, ಖುಷ್ಕಿ ಎಂದು ಓದಿದ ಎರಡು ಮಾತುಗಳ ನಡುವಣ ಅಂತರ ಅವನಿಗೆ ಒಂದೇ ಬೆಳಗಿನಲ್ಲಿ ಮನದಟ್ಟಾಗುತ್ತದೆ.

ಇದಕ್ಕೆ ಸೈಕಲ್ಲಿನಂತಹ ವಾಹನ ಮತ್ತೊಂದಿಲ್ಲ. ೧೮೧೭ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಎಂಬಾತನು ಎರಡು ಚಕ್ರಗಳ ಮರದ ಗಾಡಿಯೊಂದನ್ನು ರಚಿಸಿ, ನೆಲವನ್ನು ಕಾಲಿನಿಂದ ಒದೆಯುತ್ತ ಅದನ್ನು ಓಡಿಸಿದನು. ೧೮೮೫ರಲ್ಲಿ ಇಂಗ್ಲೆಂಡಿನ ಸ್ಟಾರ್ಲಿಯು ಹೆಚ್ಚುಕಡಿಮೆ ಸಮನಾದ ಚಕ್ರಗಳೂ ಸರಪಳಿಯೂ ಉಳ್ಳ ಸೈಕಲ್ಲನ್ನು ಮಾಡಿದನು. ೧೮೮೮ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರನ್ನು ರೂಪಿಸಿದನು. ಆಮೇಲೆ ಎಷ್ಟೋ ಸುಧಾರಣೆಗಳಾದರೂ ಸೈಕಲ್ಲಿನ ಮೂಲ ಗುಣ ಬದಲಾಗಲಿಲ್ಲ. ಅದು ಎಣ್ಣೆಯನ್ನು ಬೇಡುವುದಿಲ್ಲ, ಹೊಗೆಯನ್ನು ಉಗುಳುವುದಿಲ್ಲ, ಸವಾರನ ಶಕ್ತಿಯನ್ನು ಮೀರಿ ಓಡುವುದಿಲ್ಲ. ಬೇಕೆಂದಲ್ಲಿ ನಿಲ್ಲುತ್ತದೆ. ಎದುರಿಗೆ ಕುರಿಯ ಹಿಂಡು ಬಂದರೆ ಬದಿಗೆ ಸರಿದು ದಾರಿ ಬಿಡುತ್ತದೆ.

ಇನ್ನು ಊರಿನ ಮಾತು. ಪಟ್ಟಣದವರು ಹಳ್ಳಿಯನ್ನು ಶಾಂತವಾದ ಸ್ಥಳವೆಂದು ಹೊಗಳುತ್ತಾರೆ. ಆದರೆ ಆ ಶಾಂತಿಯು ಸೋಮಾರಿಯ ಶಾಂತಿಯಲ್ಲ. ಹೊಲದಲ್ಲಿ ಕಳೆ ಕೀಳುವವರು, ಕಣದಲ್ಲಿ ತೆನೆ ಬಡಿಯುವವರು, ದನಗಳನ್ನು ಕೆರೆಗೆ ಹೊಡೆದುಕೊಂಡು ಹೋಗುವವರು, ಎಲ್ಲರೂ ದುಡಿಮೆಯಲ್ಲಿಯೇ ಇರುತ್ತಾರೆ. ಪಟ್ಟಣಕ್ಕೆ ಭಾನುವಾರವಾದ ದಿನ ಹೊಲಕ್ಕೆ ರಜೆಯಿಲ್ಲ. ಪ್ರವಾಸಿಗೆ ಗುಡ್ಡವು ಒಂದು ನೋಟ. ಊರಿನವರಿಗೆ ಅದು ಮೇವಿನ ಬೀಡು. ಅವನಿಗೆ ಕೆರೆಯು ಒಂದು ಸೊಬಗು. ಅವರಿಗೆ ಅದು ದನಕರುಗಳ ಬಾಯಾರಿಕೆಯನ್ನು ನೀಗುವ ನೀರು. ಬೇಸಿಗೆಯಲ್ಲಿ ಒಣಗಿ ನಿಂತ ಹುಲ್ಲಿಗೆ ಒಬ್ಬನು ಎಸೆದ ಬೀಡಿಯ ಕಿಡಿ ತಗುಲಿದರೆ ಗುಡ್ಡದ ಮೇವೆಲ್ಲ ಬೂದಿಯಾಗುತ್ತದೆ. ಕೆರೆಯಂಗಳದಲ್ಲಿ ಒಡೆದ ಒಂದು ಬಾಟಲಿಯ ಚೂರು ಎಮ್ಮೆಯ ಗೊರಸನ್ನು ಸೀಳಬಲ್ಲದು.

ಎಲ್ಲಕ್ಕಿಂತ ಮುಖ್ಯವಾದುದು ದಾರಿ. ಕರ್ನಾಟಕ ಸರಕಾರವು ೨೦೦೬-೦೭ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿತು. ಹಳ್ಳಿಯಿಂದ ದೂರದ ಪ್ರೌಢಶಾಲೆಗೆ ಹೋಗಬೇಕಾದ ಮಕ್ಕಳಿಗೆ, ಅದರಲ್ಲಿಯೂ ಹುಡುಗಿಯರಿಗೆ, ಅದು ಆಸರೆಯಾಯಿತು. ಭಾನುವಾರ ಪಟ್ಟಣದ ಹುಡುಗನು ಸಂತೋಷಕ್ಕಾಗಿ ಸೈಕಲ್ ಏರಿ ಗುಡ್ಡದ ಕಡೆಗೆ ಹೊರಡುತ್ತಾನೆ. ಸೋಮವಾರ ಹಳ್ಳಿಯ ಹುಡುಗಿ ಪಾಠಕ್ಕಾಗಿ ಸೈಕಲ್ ಏರಿ ಅದೇ ದಾರಿಯಲ್ಲಿ ಶಾಲೆಗೆ ಬರುತ್ತಾಳೆ. ದಾರಿ ಕಿರಿದು, ಬದಿಯಲ್ಲಿ ಜಾರುವ ಮಣ್ಣು. ರಜೆಯ ಉಲ್ಲಾಸದಲ್ಲಿ ಮೋಟಾರು ಬೈಕುಗಳನ್ನು ಪಂದ್ಯಕ್ಕೆಂಬಂತೆ ಅಲ್ಲಿ ಓಡಿಸುವವರು ತಮ್ಮ ಪ್ರಾಣವನ್ನಷ್ಟೇ ಪಣಕ್ಕಿಡುವುದಿಲ್ಲ. ಆ ದಾರಿಯಲ್ಲಿ ಮಗಳನ್ನು ಸೈಕಲ್ಲಿನಲ್ಲಿ ಕಳುಹಿಸಲು ತಾಯಿಯೊಬ್ಬಳು ಹೆದರಿದಳೆಂದರೆ, ಯಾರದೋ ಒಂದು ದಿನದ ಮೋಜಿಗೆ ಇನ್ನಾರದೋ ವಿದ್ಯೆ ಬಲಿಯಾದಂತೆಯೇ ಸರಿ.

ಮಿತಿಯಿಲ್ಲದೆ ನುಗ್ಗಿದರೆ ಏನಾಗುತ್ತದೆ ಎಂಬುದಕ್ಕೆ ನಿದರ್ಶನಗಳುಂಟು. ೨೦೨೪ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಜನ ಒಮ್ಮೆಗೇ ಬಂದರು. ಇಕ್ಕಟ್ಟಾದ ಕಾಡುಹಾದಿಯಲ್ಲಿ ಜಾತ್ರೆಯೇ ನೆರೆದಂತಾಯಿತು. ಆ ಬಳಿಕ ಅರಣ್ಯ ಇಲಾಖೆಯು ಅಂತರ್ಜಾಲದಲ್ಲಿ ಮುಂಗಡವಾಗಿ ಹೆಸರು ನೋಂದಾಯಿಸಿದವರಿಗೆ ಮಾತ್ರ ಚಾರಣಕ್ಕೆ ಅವಕಾಶ ಕೊಡುವ ಕ್ರಮವನ್ನು ಕೈಗೊಳ್ಳಬೇಕಾಯಿತು. ಆದುದರಿಂದ ನಡೆದು ಹೋದ ಮಾತ್ರಕ್ಕೆ ಎಲ್ಲವೂ ಸರಿಯಾಯಿತೆಂದು ಹೇಳುವಂತಿಲ್ಲ; ನಡಿಗೆಗೂ ಒಂದು ಸಂಯಮ ಬೇಕು. ಇತ್ತ ಮಹಾರಾಷ್ಟ್ರದ ಮಾಥೇರಾನಿನಲ್ಲಿ ಪ್ರವಾಸಿಗಳು ತಮ್ಮ ಕಾರುಗಳನ್ನು ಊರ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಸ್ವಿಟ್ಜರ್ಲೆಂಡಿನ ತ್ಸೆರ್ಮಟ್ ಎಂಬ ಪರ್ವತಗ್ರಾಮದಲ್ಲಿಯೂ ಪೆಟ್ರೋಲು ಕಾರುಗಳಿಗೆ ಪ್ರವೇಶವಿಲ್ಲ. ಹಾಗೆಂದು ಆ ಎರಡು ಊರುಗಳಿಗೂ ಜನ ಬರುವುದು ನಿಂತಿಲ್ಲ.

ಇಲ್ಲಿ ಕೆಲವರು ಆಕ್ಷೇಪಿಸಬಹುದು. ವಾಹನಗಳು ಬಂದರೆ ತಾನೆ ಹಳ್ಳಿಗೆ ನಾಲ್ಕು ಕಾಸು ಬರುವುದು? ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ಕಾರಿನಲ್ಲಿ ಬರುವವನು ಸಾಮಾನ್ಯವಾಗಿ ಊಟವನ್ನೂ ನೀರನ್ನೂ ಪಟ್ಟಣದಿಂದಲೇ ತಂದಿರುತ್ತಾನೆ. ಅವನು ಹಳ್ಳಿಯಲ್ಲಿ ಬಿಟ್ಟುಹೋಗುವುದು ಹಲವು ಬಾರಿ ಎಂಜಲೆಲೆ ಮತ್ತು ಪ್ಲಾಸ್ಟಿಕ್ ಚೀಲ. ಸೈಕಲ್ಲಿನವನು ಹೊರೆ ಹೊತ್ತು ಬರಲಾರ. ಅವನಿಗೆ ಹಸಿವೂ ಹೆಚ್ಚು, ದಣಿವೂ ಹೆಚ್ಚು. ಅವನು ಊರಿನ ಅಂಗಡಿಯಲ್ಲಿ ಚಹಾ ಕುಡಿಯುತ್ತಾನೆ, ಮಂಡಕ್ಕಿ ಕೊಳ್ಳುತ್ತಾನೆ, ಮಜ್ಜಿಗೆ ಕೇಳಿ ಪಡೆಯುತ್ತಾನೆ. ಕುಳಿತಲ್ಲಿ ನಾಲ್ಕು ಮಾತು ಆಡುತ್ತಾನೆ. ಅವನಿಂದ ಊರಿಗೆ ಬರುವ ಹಣ ಅಲ್ಪವಾದರೂ ಅದು ಊರಿನವರ ಕೈಗೇ ಸೇರುತ್ತದೆ.

ಇನ್ನೊಂದು ಆಕ್ಷೇಪವೂ ಉಂಟು. ಪಟ್ಟಣದವರ ಮೌನಕ್ಕಾಗಿ ಹಳ್ಳಿಗೆ ರಸ್ತೆಯೇ ಬೇಡವೆ? ಹಾಗೆ ಹೇಳುವುದು ನ್ಯಾಯವಲ್ಲ. ಹೆರಿಗೆಯ ನೋವು ಬಂದವಳಿಗೆ ಆಸ್ಪತ್ರೆ ಬೇಕು, ಬೆಳೆದ ಕಾಳಿಗೆ ದಾವಣಗೆರೆಯ ಮಾರುಕಟ್ಟೆ ಬೇಕು, ಮಕ್ಕಳಿಗೆ ಬಸ್ಸು ಬೇಕು. ಒಳ್ಳೆಯ ರಸ್ತೆಯು ಹಳ್ಳಿಯವರ ಹಕ್ಕು. ವೃದ್ಧರೂ ಅಶಕ್ತರೂ ಬಸ್ಸಿನಲ್ಲಿ ಬಂದು ಗುಡ್ಡವನ್ನು ನೋಡಿ ಸಂತೋಷಪಡಲಿ. ಊರಿನವರು ತಮ್ಮ ಅಗತ್ಯಕ್ಕಾಗಿ ಪಡೆದ ರಸ್ತೆಯನ್ನು, ಕೈಕಾಲು ಗಟ್ಟಿಯಿರುವ ಅತಿಥಿಗಳು ತಮ್ಮ ಅಬ್ಬರದಿಂದ ಕೆಡಿಸಬಾರದು ಎಂಬುದಷ್ಟೇ ಇಲ್ಲಿಯ ಮಾತು.

ಅತಿಥಿ ಎಂಬ ಮಾತನ್ನು ಪ್ರವಾಸಿಯು ಮರೆಯದಿದ್ದರೆ ಉಳಿದ ನಿಯಮಗಳನ್ನು ಅವನಿಗೆ ಯಾರೂ ಕಲಿಸಬೇಕಾಗಿಲ್ಲ. ಬೆಳೆದು ನಿಂತ ಹೊಲದ ನಡುವೆ ಅವನು ಕಾಲಿಡುವುದಿಲ್ಲ. ಬದುವಿನ ಮೇಲೆ ನಡೆಯುತ್ತಾನೆ. ಕೇಳದೆ ಕಾಯಿ ಕೀಳುವುದಿಲ್ಲ. ಹಾಡುಪೆಟ್ಟಿಗೆಯ ಗದ್ದಲದಿಂದ ಹಕ್ಕಿಗಳನ್ನು ಬೆದರಿಸುವುದಿಲ್ಲ. ತಂದ ಕಾಗದ ಚೀಲಗಳನ್ನು ಮರಳಿ ಒಯ್ಯುತ್ತಾನೆ. ದಾರಿಯಲ್ಲಿ ಎದುರಾದ ಹಿರಿಯರನ್ನು 'ಅಜ್ಜಾರೆ, ಗುಡ್ಡಕ್ಕೆ ದಾರಿ ಯಾವುದು?' ಎಂದು ಕೇಳಿಕೊಂಡು ಹೋಗುತ್ತಾನೆ. ದಾರಿಯೂ ತಿಳಿಯುತ್ತದೆ, ಊರಿನ ಕತೆಯೂ ತಿಳಿಯುತ್ತದೆ.

ಕನ್ನಡ ನಾಡಿನಲ್ಲಿ ಅತಿಥಿಯು ಬೀಳ್ಕೊಳ್ಳುವಾಗ 'ಹೋಗುತ್ತೇನೆ' ಎನ್ನುವುದಿಲ್ಲ, 'ಹೋಗಿ ಬರುತ್ತೇನೆ' ಎನ್ನುತ್ತಾನೆ. ಅದರಲ್ಲಿ ಮತ್ತೆ ಬರುವ ಮಾತು ಅಡಗಿದೆ. ಮತ್ತೆ ಬಂದಾಗ ಗುಡ್ಡದ ಹುಲ್ಲು ಹಸಿರಾಗಿರಬೇಕು, ಕೆರೆಯ ನೀರು ತಿಳಿಯಾಗಿರಬೇಕು, ಊರಿನವರು ಮುಖ ಗಂಟಿಕ್ಕದೆ ಬರಮಾಡಿಕೊಳ್ಳಬೇಕು. ಗುಡ್ಡದ ಊರಿಗೆ ಹೋಗುವವರು ಈ ಮಾತನ್ನು ಉಳಿಸಿಕೊಳ್ಳುವಂತೆ ಹೋಗಿ ಬರಬೇಕು.