ಇಂಗ್ಲೀಷು ಪಾಠದ ಟಿಪ್ಪಣಿ ಯಾರಿಗಾಗಿ?

ನಮ್ಮ ಕನ್ನಡ ಶಾಲೆಗಳಲ್ಲಿ ಇಂಗ್ಲೀಷನ್ನು ಕಲಿಸುವ ಉಪಾಧ್ಯಾಯರ ಬಳಿ ಪಾಠದ ಟಿಪ್ಪಣಿಯ ಪುಸ್ತಕವೊಂದು ಇದ್ದೇ ಇರುತ್ತದೆ. ಉದ್ದೇಶ, ಪೀಠಿಕೆ, ಉಪಕರಣ, ಪ್ರಶ್ನೆ, ಮನೆಗೆಲಸ ಎಂಬ ಅಂಕಣಗಳೆಲ್ಲ ತುಂಬಿರುತ್ತವೆ. ಮೇಲಧಿಕಾರಿಗಳ ರುಜುವೂ ಬಿದ್ದಿರುತ್ತದೆ. ಆದರೆ ಉಪಾಧ್ಯಾಯರು ಓದುವರು, ಅರ್ಥ ಹೇಳುವರು, ಹಲಗೆಯ ಮೇಲೆ ಬರೆಯುವರು ಎಂದು ಬಹುಮಟ್ಟಿಗೆ ಎಲ್ಲ ಕ್ರಿಯಾಪದಗಳಿಗೂ ಉಪಾಧ್ಯಾಯರೇ ಕರ್ತೃಗಳು. ಮಗುವಿನ ಪಾಲಿಗೆ ಉಳಿದುದು ಕೇಳುವುದು, ನಕಲು ಮಾಡುವುದು, ಇವೆರಡೇ. ಇದು ಅಧಿಕಾರಿಗಾಗಿ ಬರೆದ ಟಿಪ್ಪಣಿಯೇ ಹೊರತು ಮಗುವಿಗಾಗಿ ಬರೆದುದಲ್ಲ.

ಕನ್ನಡದ ಮಗು ಎಲ್ಲಿ ಎಡವುವುದೆಂಬುದನ್ನು ಮುಂದಾಗಿ ಎಣಿಸುವುದು ಕಷ್ಟವೇನಲ್ಲ. ನಮ್ಮ ವಾಕ್ಯದಲ್ಲಿ ಕ್ರಿಯಾಪದವು ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಇಂಗ್ಲೀಷಿನಲ್ಲಿ ಅದು ಕರ್ಮಪದಕ್ಕಿಂತ ಮುಂಚೆಯೇ ನಿಲ್ಲುತ್ತದೆ. ನಮ್ಮ ವಿಭಕ್ತಿಪ್ರತ್ಯಯವು ನಾಮಪದವನ್ನು ಹಿಂಬಾಲಿಸಿದರೆ, ಅವರ ‘ಇನ್’, ‘ಟು’ಗಳು ಅದಕ್ಕೆ ಮುಂದಾಳುಗಳು. ‘ಎ’, ‘ದಿ’ಗಳಿಗೆ ನಮ್ಮಲ್ಲಿ ಸರಿಸಮವಾದುದಿಲ್ಲ. ಬರೆದಂತೆಯೇ ಓದಿ ಅಭ್ಯಾಸವಾದ ಮಗುವು, ‘ಪುಟ್’, ‘ಬಟ್’ ಎಂಬೆರಡರಲ್ಲಿಯೂ ಸ್ವರಾಕ್ಷರವೊಂದೇ ಎಂಬುದನ್ನು ಕಂಡು ಬೆರಗಾಗದೆ ಇದ್ದೀತೆ? ಕನ್ನಡವನ್ನು ತರಗತಿಯ ಹೊರಗೆ ನಿಲ್ಲಿಸಬೇಕೆನ್ನುವವರು ಈ ತಿಳಿವಳಿಕೆಯನ್ನೂ ಹೊರಗೆ ನಿಲ್ಲಿಸಿದಂತಾಯಿತು.

ಬೇರೆ ದಾರಿಯನ್ನು ಹುಡುಕಲು ಸಮುದ್ರವನ್ನು ದಾಟಬೇಕಾಗಿಲ್ಲ. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರ ನೇತೃತ್ವದಲ್ಲಿ, ಬೆಂಗಳೂರಿನ ಪ್ರಾದೇಶಿಕ ಇಂಗ್ಲೀಷು ಸಂಸ್ಥೆಯ ಆಶ್ರಯದಲ್ಲಿ, ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ವ್ಯಾಕರಣಸೂತ್ರಗಳ ಸರಣಿಯನ್ನು ಬದಿಗಿಟ್ಟು, ರೈಲಿನ ವೇಳಾಪಟ್ಟಿ, ಭೂಪಟ ಮುಂತಾದವನ್ನು ಮಕ್ಕಳ ಮುಂದಿಟ್ಟರು. ಯಾವ ಗಾಡಿಯನ್ನು ಹಿಡಿದರೆ ಬೇಗ ತಲುಪಬಹುದು ಎಂಬಂತಹ ಸಮಸ್ಯೆಯೊಂದನ್ನು ಮೊದಲು ಇಡೀ ತರಗತಿಯೊಡನೆ ಪ್ರಶ್ನೋತ್ತರದ ಮೂಲಕ ಬಿಡಿಸುವುದು. ಬಳಿಕ ಅಂಥದೇ ಇನ್ನೊಂದನ್ನು ಪ್ರತಿಯೊಂದು ಮಗುವೂ ತಾನಾಗಿಯೇ ಬಿಡಿಸುವುದು. ಬುದ್ಧಿ ಅರ್ಥದಲ್ಲಿ ತೊಡಗಿರುವಾಗ ಭಾಷೆಯು ತಾನಾಗಿ ನೆಲೆಗೊಳ್ಳುವುದೆಂಬುದೇ ಅದರ ತತ್ತ್ವ. 1987ರಲ್ಲಿ ಪ್ರಭು ಅವರು ಇದನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. ಹೊರನಾಡುಗಳ ಭಾಷಾಬೋಧಕರು ಅದನ್ನು ಆದರದಿಂದ ಚರ್ಚಿಸಿದರು. ನಮ್ಮ ಟಿಪ್ಪಣಿಯ ಅಂಕಣಗಳು ಮಾತ್ರ ಕದಲಲಿಲ್ಲ.

“ತರಗತಿಯಲ್ಲಿ ಮಕ್ಕಳು ಹೆಚ್ಚು, ಪಾಠಗಳನ್ನು ಮುಗಿಸಬೇಕು, ಇದಕ್ಕೆಲ್ಲ ಹೊತ್ತೆಲ್ಲಿ?” ಎಂದು ಆಕ್ಷೇಪಿಸುವವರುಂಟು. ಮುಗಿಯುವುದು ಪುಸ್ತಕವೋ ಕಲಿಕೆಯೋ ಎಂಬುದನ್ನು ಅವರು ವಿಚಾರಿಸಲಿ. ಮಕ್ಕಳು ಹೆಚ್ಚಿದ್ದಷ್ಟೂ ಒಬ್ಬರ ಉಪನ್ಯಾಸವು ಹಿಂದಿನ ಸಾಲಿಗೆ ತಲುಪುವುದು ಕಡಮೆ. ಪ್ರತಿಯೊಬ್ಬನಿಗೂ ಕೆಲಸವಿರುವ ಪಾಠವೇ ಅಲ್ಲಿ ಹೆಚ್ಚು ಅವಶ್ಯಕ. 2007ರಲ್ಲಿ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲೀಷನ್ನು ಕಲಿಸಲು ತೊಡಗಿದರು. ಆದರೆ ಬೀಜವನ್ನು ಮುಂಚೆ ಬಿತ್ತಿದ ಮಾತ್ರಕ್ಕೆ, ಉಳದ ನೆಲದಲ್ಲಿ ಬೆಳೆ ಬಂದೀತೆ?

ಅನುಕೂಲಸ್ಥರ ಮಗುವಿಗೆ ಮನೆಮಾತಿನಲ್ಲಿಯೋ ಮನೆಪಾಠದಲ್ಲಿಯೋ ಇಂಗ್ಲೀಷು ದೊರೆಯುತ್ತದೆ. ಕೆಟ್ಟ ಪಾಠದ ನಷ್ಟ ಅಲ್ಲಿ ತುಂಬಿಹೋಗುತ್ತದೆ. ಕೂಲಿಕಾರನ ಮಗಳಿಗಾದರೋ ಶಾಲೆಯ ಆ ಒಂದು ಗಂಟೆಯೇ ಸರ್ವಸ್ವ. ಅದನ್ನು ವ್ಯರ್ಥಗೊಳಿಸುವ ಟಿಪ್ಪಣಿ ಬರಿಯ ಅಲಕ್ಷ್ಯವಲ್ಲ, ಅನ್ಯಾಯ.

ಟಿಪ್ಪಣಿಯಲ್ಲಿ ಎರಡು ಸಾಲು ಸಾಕು: ನಿನ್ನೆ ಮಾಡಲಾರದ ಯಾವುದನ್ನು ಮಗು ಇಂದು ಇಂಗ್ಲೀಷಿನಲ್ಲಿ ಮಾಡಬಲ್ಲುದು, ಅದು ಮಾಡಿತೆಂಬುದು ಹೇಗೆ ತಿಳಿಯುವುದು. ಪರೀಕ್ಷಿಸಲು ಬಂದ ಅಧಿಕಾರಿಗಳು ಉಪಾಧ್ಯಾಯರ ಪುಸ್ತಕವನ್ನು ಮುಚ್ಚಿ, ಹಿಂದಿನ ಸಾಲಿನ ಮಗುವಿನ ಪುಸ್ತಕವನ್ನು ತೆರೆದು ನೋಡಲಿ. ರುಜು ಬೀಳಬೇಕಾದುದು ಅಲ್ಲಿ.