ನೆಲದ ಮೇಲಿನ ದೋಣಿ

ಕಳೆದ ಭಾನುವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತಿರುಮಕೂಡಲು ನರಸೀಪುರದ ಕಡೆಯಿಂದ ನಂಜನಗೂಡಿಗೆ, ನಮ್ಮ ಮನೆಗೆ ಬಂದಿದ್ದ. ಹೆಸರು ಬರೆದರೆ ಸಂಕೋಚಪಡುತ್ತಾನೆ, ಬಿಡೋಣ. ಜೀಪಿನ ಹಿಂದೆ ಟ್ರೇಲರ್, ಅದರ ಮೇಲೊಂದು ಫೈಬರ್ ದೋಣಿ. "ಸಾರ್, ಹೊಳೆ ಬಂದಾಗ ಊರಿಗೆ ಬೇಕಾಗುತ್ತೆ ಅಂತ ಎರಡು ವರ್ಷದ ಹಿಂದೆ ತಗೊಂಡೆ. ನೀರಿಗೆ ಇಳಿಸಿದ್ದು ಮೂರೇ ಸಲ. ಆಗಲೇ ತಳ ಬಿರುಕು ಬಿಟ್ಟಿದೆ" ಎಂದ.

ಊರಿಗೊಂದು ದೋಣಿಯೇಕೆ ಎಂದು ನಮ್ಮವರನ್ನು ಕೇಳಬೇಕಾಗಿಲ್ಲ. 2019ರ ಆಗಸ್ಟ್‌ನಲ್ಲಿ ಬೀಚನಹಳ್ಳಿಯ ಕಬಿನಿ ಜಲಾಶಯದಿಂದ ಒಂದು ಲಕ್ಷ ಕ್ಯೂಸೆಕ್ಸ್‌ಗೂ ಮೀರಿ ನೀರು ಬಿಟ್ಟಾಗ ಕಪಿಲೆ ಸ್ನಾನಘಟ್ಟವನ್ನು ಮುಳುಗಿಸಿದ್ದಲ್ಲದೆ, ಮೈಸೂರಿನ ರಸ್ತೆಯನ್ನೂ ಮುಚ್ಚಿಸಿದಳು. ಅಂಥ ದಿನ ದೋಣಿ ಸಿದ್ಧವಿರಬೇಕು, ರಿಪೇರಿಗೆ ಹೋಗಿರಬಾರದು.

ನಾನು ವಿಜ್ಞಾನದ ಮೇಷ್ಟ್ರು, ದೋಣಿ ಕಟ್ಟುವವನಲ್ಲ. ಆದರೂ ಬಗ್ಗಿ ನೋಡಿದೊಡನೆ ಕಾರಣ ಕಂಡಿತು. ದೋಣಿಯ ಇಡೀ ಭಾರ ಎರಡು ಅಡ್ಡಪಟ್ಟಿಗಳ ಮೇಲೆ ನಿಂತಿತ್ತು. ತಳದ ನಡುವೆ ಉದ್ದಕ್ಕೂ ಇರುವ ಏಣು, ಅಂದರೆ ದೋಣಿಯ ಅತ್ಯಂತ ಗಟ್ಟಿಯಾದ ಭಾಗ, ಎಲ್ಲಿಯೂ ಆಧಾರವಿಲ್ಲದೆ ಗಾಳಿಯಲ್ಲಿತ್ತು. ಹಿಂಬದಿ ಒಂದೂವರೆ ಅಡಿ ಹೊರಚಾಚಿ, ಅದರ ತುದಿಯಲ್ಲಿ ಯಂತ್ರ ಜೋತುಬಿದ್ದಿತ್ತು.

"ದೋಣಿ ಇರುವುದು ನೀರಿಗೆ, ನೆಲದ ಮೇಲೆ ಹೇಗಿದ್ದರೇನು?" ಎಂದು ಮಾರಿದವರು ಹೇಳಿದರಂತೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ನೀರಿನಲ್ಲಿರುವಾಗ ದೋಣಿಯ ತಳಕ್ಕೆಲ್ಲ ಆಸರೆ ದೊರೆಯುತ್ತದೆ. ಟ್ರೇಲರಿನ ಮೇಲೆ ನಾವು ಕೊಟ್ಟ ಕಡೆ ಮಾತ್ರ. ಪ್ರವಾಹಕ್ಕೆಂದು ಇಟ್ಟ ದೋಣಿ ವರ್ಷದಲ್ಲಿ 360 ದಿನ ನೆಲದ ಮೇಲೆಯೇ ಇರುತ್ತದೆ. ಅದು ಹಾಳಾಗುವುದು ಹೊಳೆಯಲ್ಲಲ್ಲ, ಹಿತ್ತಿಲಿನಲ್ಲಿ. ತಲಕಾಡಿನ ಹರಿಗೋಲಿನವನಿಗೆ ಈ ತೊಂದರೆಯಿಲ್ಲ. ಅವನು ಬಿದಿರಿನ ಹರಿಗೋಲನ್ನು ಬೋರಲು ಹಾಕಿಕೊಂಡು ಆಮೆಯಂತೆ ಹೊತ್ತು ನಡೆಯುತ್ತಾನೆ, ದಡದಲ್ಲಿ ಬೋರಲಾಗಿಯೇ ಇಡುತ್ತಾನೆ. ಮಳೆನೀರು ನಿಲ್ಲುವ ಮಾತೇ ಇಲ್ಲ. ನಮ್ಮ ಹುಡುಗನ ದೋಣಿಯಲ್ಲಿ ಮಳೆನೀರು ನಿಲ್ಲುತ್ತಿತ್ತು. 3 ಮೀಟರ್ ಉದ್ದ, 1 ಮೀಟರ್ ಅಗಲದ ತಳದಲ್ಲಿ 10 ಸೆಂಟಿಮೀಟರ್ ನೀರು ನಿಂತರೆ ಎಷ್ಟು ತೂಕವೆಂದು ಕೇಳಿದೆ. ಎಂಟನೆಯ ತರಗತಿಯ ಲೆಕ್ಕ. ತಲೆ ಕೆರೆದುಕೊಂಡು, "300 ಕೆ.ಜಿ. ಸಾರ್" ಎಂದ. ದೋಣಿಗಿಂತ ನೀರೇ ಭಾರ!

ಇನ್ನೊಂದು ದೂರೆಂದರೆ, ವೇಗ ಹೆಚ್ಚಿಸಿದರೆ ಟ್ರೇಲರ್ ಬಾಲ ಅಲ್ಲಾಡಿಸುತ್ತದೆ. ಕಬ್ಬಿನ ಗಾಡಿ ಹೇರಿದ ಮನೆತನದವನಿಗೆ ಇದನ್ನು ನಾನು ಹೇಳಿಕೊಡಬೇಕೆ? ಹಿಂಭಾರವಾದರೆ ಮೂಕಿ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ. ಮುಂಭಾರವಾದರೆ ಹೆಗಲು ಹುಣ್ಣಾಗುತ್ತದೆ. ಟ್ರೇಲರಿಗೂ ಅದೇ ನ್ಯಾಯ. ಒಟ್ಟು ತೂಕದಲ್ಲಿ ನೂರಕ್ಕೆ 5ರಿಂದ 10ರಷ್ಟು ಮುಂದಿನ ಕೊಂಡಿಯ ಮೇಲೆ ಬೀಳಬೇಕು. ಒಟ್ಟು 400 ಕೆ.ಜಿ. ಇದ್ದರೆ 20ರಿಂದ 40. ಅಂಗಡಿಯ ತಕ್ಕಡಿಯನ್ನು ಕೊಂಡಿಯ ಕೆಳಗಿಟ್ಟು ತೂಗಿದರಾಯಿತು.

ನಮ್ಮ ಬೀದಿಯ ವೆಲ್ಡಿಂಗ್‌ನವನನ್ನು ಕರೆಸಿದೆವು. ಏಣಿನ ಕೆಳಗೆ ಮೂರು ರಬ್ಬರ್ ರೋಲರ್‌ಗಳು ಬಂದವು; ಕೊನೆಯದು ಯಂತ್ರ ಕಚ್ಚಿಕೊಂಡಿರುವ ಹಿಂಬದಿ ಹಲಗೆಯ ನೇರ ಕೆಳಗೆ. ಅಕ್ಕಪಕ್ಕಕ್ಕೆ ದೋಣಿಯುದ್ದಕ್ಕೂ ಹೋಗುವ ಮರದ ಪಟ್ಟಿಗಳು, ಅವು ದೋಣಿ ವಾಲದಂತೆ ತಡೆಯಲು ಮಾತ್ರ. ಮೂತಿ ಆನಿಸುವ ಕಂಬವನ್ನು ಸ್ವಲ್ಪ ಮುಂದಕ್ಕೆ ಸರಿಸಿ, ದೋಣಿಯನ್ನೂ ಮುಂದಕ್ಕೆಳೆದು ತೂಕ ಸರಿಮಾಡಿದೆವು. ಹಿಂಬದಿಗೆ ಬೆಲ್ಟ್, ಮುಂಬದಿಗೆ ಹಗ್ಗದ ಜೊತೆಗೊಂದು ಸರಪಳಿ. ಬಿರುಕನ್ನು ಮುಚ್ಚುವ ಕೆಲಸ ಮಾತ್ರ ಬಲ್ಲವರದು. ಅದಕ್ಕೆ ನಾವು ಕೈ ಹಾಕಲಿಲ್ಲ.

ನಿಮ್ಮಲ್ಲಿ ಕೆಲವರು ಈಗ ಪಂಚಾಯಿತಿ ಸದಸ್ಯರು, ಕೆಲವರು ಯುವಕ ಸಂಘ ನಡೆಸುವವರು. ದೋಣಿ ಕೊಳ್ಳುವ ಮಾತು ಬಂದಾಗ ಯಂತ್ರದ ಶಕ್ತಿಯನ್ನು ಎಲ್ಲರೂ ವಿಚಾರಿಸುತ್ತಾರೆ, ಟ್ರೇಲರಿನ ಕಡೆ ಯಾರೂ ಬಗ್ಗಿ ನೋಡುವುದಿಲ್ಲ. ಹಣ ಸಾಲದಿದ್ದರೆ ಯಂತ್ರ ಸಣ್ಣದಾಗಲಿ, ಟ್ರೇಲರಿನ ಖರ್ಚಿಗೆ ಕೈ ಬಿಗಿಹಿಡಿಯಬೇಡಿ. ಮುಂಗಾರಿಗೆ ಮುನ್ನ ಒಮ್ಮೆ ಕೊಂಡಿ, ಚಕ್ರದ ಗಾಳಿ, ರೋಲರ್‌ಗಳನ್ನು ನೋಡಿ.

ನೆಲದ ಮೇಲಿರುವಾಗ ಮೂತಿ ಎತ್ತರವಾಗಿರಲಿ, ತಳದ ಬಿರಡೆ ತೆರೆದಿರಲಿ. ಮಳೆನೀರು ತಾನಾಗಿ ಹರಿದುಹೋಗುತ್ತದೆ. ಆದರೆ ಹೊಳೆಗಿಳಿಸುವ ಗಡಿಬಿಡಿಯಲ್ಲಿ ಅದನ್ನು ಹಾಕಲು ಮರೆತರೆ? ನಮ್ಮ ಹುಡುಗ ಬಿರಡೆಯನ್ನು ಜೀಪಿನ ಕೀಲಿಕೈಗೇ ಕಟ್ಟಿಕೊಂಡು ಹೋದ.