ಮನಸ್ಸಿನ ಬಾಗಿಲಿಗೆ ಚಿಲಕ ಇರಲಿ

2020ರ ಮೇ ತಿಂಗಳಲ್ಲಿ ಇಲಾನ್ ಮಸ್ಕ್ ಜೋ ರೋಗನ್ ಅವರ ಪಾಡ್‌ಕಾಸ್ಟ್‌ನಲ್ಲಿ ಕೂತು ಒಂದು ಭವಿಷ್ಯ ನುಡಿದರು: ಎಲ್ಲ ಅಂದುಕೊಂಡಂತೆ ನಡೆದರೆ ಐದರಿಂದ ಹತ್ತು ವರ್ಷಗಳಲ್ಲಿ ಮನುಷ್ಯರಿಗೆ ಮಾತಾಡುವ ಅಗತ್ಯವೇ ಇರದು. ಅವರ ನ್ಯೂರಾಲಿಂಕ್ ಕಂಪನಿಯ ಚಿಪ್ಪು ಒಬ್ಬರ ಆಲೋಚನೆಯನ್ನು ಇನ್ನೊಬ್ಬರ ತಲೆಗೆ ನೇರ ದಾಟಿಸುತ್ತದಂತೆ. ಐದು ವರ್ಷ ದಾಟಿದೆ. ಮಾತು ಹೋಗಿಲ್ಲ, ಮಸ್ಕ್ ಅವರದ್ದಂತೂ ಹೆಚ್ಚೇ ಆಗಿದೆ. ಆದರೂ ಗಂಡ-ಹೆಂಡಿರ ನಡುವೆ ಅಪಾರ್ಥವೇ ಉಳಿಯದ ಕಾಲ ಬರುತ್ತದೆಂದು ಹಿಗ್ಗುವವರಿದ್ದಾರೆ. ಅದು ಬರದಿರಲಿ ಎನ್ನುವವನು ನಾನು.

ಚಿಕಿತ್ಸೆಯ ಬಗ್ಗೆ ನನ್ನ ತಕರಾರಿಲ್ಲ. ಸ್ಯಾನ್‌ಫ್ರಾನ್ಸಿಸ್ಕೊದ ವೈದ್ಯ ಎಡ್ವರ್ಡ್ ಚಾಂಗ್ ಅವರ ತಂಡ, ಸ್ಟ್ರೋಕ್ ಆಗಿ 18 ವರ್ಷ ಮಾತಿಲ್ಲದೆ ಬದುಕಿದ್ದ ಮಹಿಳೆಯೊಬ್ಬರ ಮಿದುಳಿನ ಮೇಲೆ 253 ಎಲೆಕ್ಟ್ರೋಡ್‌ಗಳನ್ನು ಇಟ್ಟಿತು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಆಕೆ ನಿಮಿಷಕ್ಕೆ 78 ಪದಗಳ ವೇಗದಲ್ಲಿ ಮಾತಾಡಿದರು. ಕಂಪ್ಯೂಟರ್ ಹೊರಡಿಸಿದ ದನಿ ಕೂಡ ಆಕೆಯದೇ. ಹಳೆಯ ಮದುವೆ ವಿಡಿಯೊದಿಂದ ಹೆಕ್ಕಿದ್ದು. ಅಲ್ಲಿ ಯಂತ್ರ ಹಿಡಿದದ್ದು ಆಕೆ ಆಡಲು ಹೊರಟ ಮಾತನ್ನು. ಆಡಬೇಕೋ ಬೇಡವೋ ಎಂಬ ತೀರ್ಮಾನ ಆಕೆಯ ಕೈಯಲ್ಲೇ ಇತ್ತು.

2025ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಇನ್ನೂ ಒಂದು ಹೆಜ್ಜೆ ಒಳಗೆ ಹೋದರು. ತುಟಿ ಅಲುಗಿಸುವ ಪ್ರಯತ್ನವೂ ಇಲ್ಲದೆ ಮನಸ್ಸಿನೊಳಗೇ ಆಡಿಕೊಂಡ ಮಾತನ್ನು ಓದಲು ನೋಡಿದರು. ಒಂದು ಮಟ್ಟಿಗೆ ಸಾಧ್ಯವಾಯಿತು. ಮನಸ್ಸಿನಲ್ಲೇ ಎಣಿಸಿಕೊಂಡ ಸಂಖ್ಯೆಗಳ ಸುಳಿವೂ ಸಿಕ್ಕಿತು. ಆಮೇಲೆ ಅವರೇ ಅದಕ್ಕೊಂದು ಬೀಗ ಮಾಡಿದರು. ‘ಚಿಟ್ಟಿ ಚಿಟ್ಟಿ ಬ್ಯಾಂಗ್ ಬ್ಯಾಂಗ್’ ಎಂದು ಮನಸ್ಸಿನಲ್ಲಿ ಅಂದುಕೊಂಡರೆ ಮಾತ್ರ ಯಂತ್ರ ಕೇಳಿಸಿಕೊಳ್ಳಲು ಶುರುಮಾಡುತ್ತದೆ. ನಗು ಬರಬಹುದು. ಆದರೆ ಮಾತು ಬತ್ತಿದವರಿಗೆ ಯಂತ್ರ ಕಟ್ಟಿದವರೇ ಮೊದಲು ಚಿಲಕ ಹುಡುಕಿದರಲ್ಲ! ಚಿಲಕವೇ ಬೇಡ, ಗೋಡೆಯನ್ನೇ ಕೆಡವೋಣ ಎನ್ನುತ್ತಿರುವವರು ಹೂಡಿಕೆದಾರರ ಮುಂದೆ ನಿಂತವರು.

ಆ ಗೋಡೆ ಇರುವುದರಿಂದಲೇ ಅತ್ತೆಯ ಮೇಲೆ ಬಂದ ಸಿಟ್ಟು ನಾಲಿಗೆಗೆ ಬರುವಷ್ಟರಲ್ಲಿ ತಣ್ಣಗಾಗುತ್ತದೆ. ಕೆಲಸ ಹೋದ ದಿನ ಮನೆಗೆ ಬಂದವನು ಮಕ್ಕಳು ಮಲಗುವವರೆಗೂ ಸುದ್ದಿ ಹೇಳುವುದಿಲ್ಲ. ಇವನ್ನೆಲ್ಲ ಮೋಸ ಎನ್ನುವುದಾದರೆ ಮೋಸವಿಲ್ಲದ ಒಂದು ಸಂಸಾರವನ್ನೂ ನಾನು ಕಂಡಿಲ್ಲ. ತಲೆಯಲ್ಲಿ ಹಾದುಹೋದದ್ದಷ್ಟೂ ನಮ್ಮ ಅಭಿಪ್ರಾಯವಲ್ಲ, ಅರ್ಧದಷ್ಟು ಕಸ. ಅದನ್ನು ಜರಡಿ ಹಿಡಿದು ಕೊಡುವ ಶ್ರಮವನ್ನೇ ಎದುರಿಗಿದ್ದವರು ಅಕ್ಕರೆ ಎಂದು ಓದಿಕೊಳ್ಳುತ್ತಾರೆ.

‘ಚಿಪ್ಪನ್ನು ಬೇಕಾದವರು ಹಾಕಿಸಿಕೊಳ್ಳಲಿ, ಬಲವಂತವೇನೂ ಇಲ್ಲವಲ್ಲ’ ಎನ್ನುತ್ತಾರೆ. ಹೆಂಡತಿಯ ಮೊಬೈಲ್ ಪಾಸ್‌ವರ್ಡ್ ಕೇಳುವ ಗಂಡ ಕೂಡ ‘ಮುಚ್ಚಿಡುವಂಥದ್ದು ಏನಿದೆ?’ ಎಂದೇ ಶುರುಮಾಡುತ್ತಾನೆ.

ಇಂಥ ಒತ್ತಾಯದಿಂದ ಕಾನೂನು ಕಾಪಾಡುತ್ತದೆಯೇ? 2010ರಲ್ಲಿ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಪ್ಪಿಗೆ ಇಲ್ಲದೆ ಯಾರ ಮೇಲೂ ಮಂಪರು ಪರೀಕ್ಷೆಯನ್ನಾಗಲಿ ಮಿದುಳಿನ ವಿದ್ಯುತ್ ಅಲೆ ಅಳೆಯುವ ಪರೀಕ್ಷೆಯನ್ನಾಗಲಿ ನಡೆಸುವಂತಿಲ್ಲ ಎಂದಿತು. ಅದು ಪೊಲೀಸರಿಗೆ ಹಾಕಿದ ಲಗಾಮು. ಮನೆಯೊಳಗಿನ ಚಿತ್ರ ಬೇರೆ. ವೈವಾಹಿಕ ವ್ಯಾಜ್ಯದಲ್ಲಿ ವೈದ್ಯಕೀಯ ಪರೀಕ್ಷೆಗೆ ಆದೇಶಿಸಬಹುದು, ಒಪ್ಪದಿದ್ದರೆ ಅವರ ವಿರುದ್ಧವೇ ಊಹೆ ಮಾಡಬಹುದು ಎಂದು 2003ರಲ್ಲಿ ಇದೇ ಕೋರ್ಟ್ ಹೇಳಿದೆ. ಹೆಂಡತಿಗೆ ತಿಳಿಯದಂತೆ ರೆಕಾರ್ಡ್ ಮಾಡಿದ ಫೋನ್ ಮಾತುಕತೆಯನ್ನು ವಿಚ್ಛೇದನ ಪ್ರಕರಣದಲ್ಲಿ ಸಾಕ್ಷ್ಯವಾಗಿ ಅದೇ ಕೋರ್ಟ್ ಒಪ್ಪಿದ್ದು 2025ರ ಜುಲೈನಲ್ಲಿ. ಇವೆರಡನ್ನೂ ಜೋಡಿಸಿ ನೋಡಿ: ಚಿಪ್ಪಿನ ದಾಖಲೆ ಕೋರ್ಟಿಗೆ ಬರಲು ಇನ್ನೇನು ಅಡ್ಡಿ?

ಚಿಲಿ ದೇಶ 2021ರಲ್ಲೇ ಮಿದುಳಿನ ಮಾಹಿತಿಯ ರಕ್ಷಣೆಯನ್ನು ಸಂವಿಧಾನಕ್ಕೆ ಸೇರಿಸಿಕೊಂಡಿತು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲಿ ಅತಿ ಸೂಕ್ಷ್ಮ ಮಾಹಿತಿ ಎಂಬ ಪ್ರತ್ಯೇಕ ವರ್ಗವೇ ಇಲ್ಲ. ಆ ವರ್ಗ ಬರಬೇಕು. ಜೊತೆಗೆ, ತನ್ನ ಮನಸ್ಸನ್ನು ತೆರೆದು ತೋರಿಸಲು ಒಪ್ಪದ ಗಂಡ ಅಥವಾ ಹೆಂಡತಿಯ ನಿರಾಕರಣೆಯನ್ನು ಯಾವ ಕೌಟುಂಬಿಕ ನ್ಯಾಯಾಲಯವೂ ಅವರ ವಿರುದ್ಧ ಎಣಿಸಕೂಡದು ಎಂಬ ಸಾಲು ಕೂಡ ಸೇರಬೇಕು, ಆ ಚಿಪ್ಪು ನಮ್ಮ ಮಾರುಕಟ್ಟೆಗೆ ಬರುವ ಮುಂಚೆಯೇ.